ಮೇಲ್ವಿಚಾರಕಿ ಅಡುಗೆಮನೆಯಲ್ಲಿದ್ದಳು

ಉತ್ತರ ಜರ್ಮನಿಯ ಆಸೆನ್‌ಬ್ರೋಕ್ ಊರಿನ ಬಂದೂಕು ಸಂಘಕ್ಕೆ ನೂರಾ ನಲವತ್ತು ವರ್ಷ. ಹೆಂಗಸರಿಗೆ ಸದಸ್ಯತ್ವವಿಲ್ಲ ಎಂಬ ನಿಯಮಕ್ಕೂ ಅಷ್ಟೇ ವಯಸ್ಸು. ಹೆಂಗಸರು ಒಳಗೇ ಬರಬಾರದು ಎಂದು ಮಾತ್ರ ಯಾರೂ ಬರೆದಿಡಲಿಲ್ಲ. ಬರೆದಿದ್ದರೆ ಬಟಾಣಿ ಸೂಪು ಮಾಡುವವರು ಯಾರು?

ಗೆರ್ಲಿಂಡೆ ಸಂಘದ ಸದಸ್ಯ ಹೈನೊನನ್ನು ಮದುವೆಯಾದ ವರ್ಷವೇ ಸಂಘದ ಅಡುಗೆಮನೆಯ ಬೀಗದಕೈ ಅವಳ ಪಾಲಿಗೆ ಬಂತು. ಅತ್ತೆ ತನ್ನ ಏಪ್ರನ್ ಬಿಚ್ಚಿ ಸೊಸೆಯ ಸೊಂಟಕ್ಕೆ ಕಟ್ಟಿದಳು, ಅಷ್ಟೇ ಸಮಾರಂಭ. ಅಂದಿನಿಂದ ಮೂವತ್ತೊಂದು ವರ್ಷ ಅವಳಿಗೆ ಭಾನುವಾರವೆಂದರೆ ನಲವತ್ತು ಗಂಡಸರ ಸೂಪು, ಬೆಣ್ಣೆ ಕೇಕು, ಲೋಟ ತಟ್ಟೆ. ಕೊನೆಗೆ ಗುಂಡು ಹಾರಿಸುವ ಅಂಗಣದಲ್ಲಿ ಬಿದ್ದ ಖಾಲಿ ತೋಟಾಗಳನ್ನು ಗುಡಿಸುವ ಕೆಲಸ.

ಆರು ವರ್ಷದ ಹಿಂದೆ ಸಂಘದ ಹಳೆಯ ಮೇಲ್ವಿಚಾರಕ ತೀರಿಕೊಂಡ. ಕಾನೂನಿನ ಪ್ರಕಾರ, ತರಬೇತಿ ಪಡೆದ ಮೇಲ್ವಿಚಾರಕರೊಬ್ಬರು ಹಿಂದೆ ನಿಂತು ನೋಡದೆ ಅಂಗಣದಲ್ಲಿ ಒಂದು ಗುಂಡೂ ಹಾರಬಾರದು. ಹಾಗೆ ನಿಂತವರು ತಾವು ಬಂದೂಕು ಮುಟ್ಟಬಾರದು. ಈ ಎರಡನೆಯದು ಗಂಡಸರಿಗೆ ರುಚಿಸಲಿಲ್ಲ. ಮೂರು ಶನಿವಾರಗಳ ತರಬೇತಿಗೆ ಗೆರ್ಲಿಂಡೆಯನ್ನು ಅಟ್ಟಿದರು. ಅವಳು ಪಾಸಾದಳು. ಅಧ್ಯಕ್ಷ ವೆಸ್ಸೆಲ್ ಅವಳ ಹೆಸರನ್ನು ಜಿಲ್ಲಾ ಕಚೇರಿಗೆ ಕಳಿಸಿ, ಗೋಡೆಗೆ ಹೆಸರಿನ ಫಲಕವನ್ನೂ ಹೊಡೆಸಿದ. ಅದು ಕೂದಲೆಳೆಯಷ್ಟೂ ವಾರೆಯಾಗದಂತೆ ತಾನೇ ನಿಂತು ನೋಡಿಕೊಂಡ. ಆಮೇಲೆ ಅವಳನ್ನು ಅಡುಗೆಮನೆಗೆ ಕಳಿಸಿದ. ಫಲಕ ನೆಟ್ಟಗಿದ್ದ ಮೇಲೆ ಕಾನೂನು ಪಾಲನೆಯಾಯಿತು ಎಂದು ಅವರೆಲ್ಲ ಮನಸಾರೆ ನಂಬಿದ್ದರು.

ಮೇ ತಿಂಗಳ ಒಂದು ಭಾನುವಾರ ಜಿಲ್ಲಾ ಕಚೇರಿಯ ತೀಡೆಮನ್ ಹೇಳದೆ ಕೇಳದೆ ಬಂದ. ಐವರು ಗುಂಡು ಹಾರಿಸುತ್ತಿದ್ದರು. ಹಿಂದೆ ಯಾರೂ ಇರಲಿಲ್ಲ.

"ಮೇಲ್ವಿಚಾರಣೆ ಯಾರದು?"

ವೆಸ್ಸೆಲ್ ಹೆಮ್ಮೆಯಿಂದ ಫಲಕ ತೋರಿಸಿದ.

"ಹೆಸರು ಓದ್ದೆ. ಆ ಹೆಸರಿನವರು ಎಲ್ಲಿ?"

"ಈಗ ತಾನೆ ಒಳಗೆ ಹೋದ್ರು. ಕರೀತೀನಿ ಇರಿ."

ಅವನು ಅಡುಗೆಮನೆಗೆ ಓಡಿದ, ಹಿಂದೆಯೇ ಹೈನೊ.

"ಗೆರ್ಲಿಂಡೆ, ಒಂದು ನಿಮಿಷದ ಹಿಂದೆ ಒಳಗೆ ಬಂದೆ ಅಂತ ಬರೆದು ಸಹಿ ಹಾಕ್ಬಿಡು," ಎಂದ ವೆಸ್ಸೆಲ್. "ಇಲ್ಲಾಂದ್ರೆ ಪರವಾನಗಿ ಹೋಗುತ್ತೆ. ಮುಂದಿನ ತಿಂಗಳ ಸ್ಪರ್ಧೆನೂ ಹೋಗುತ್ತೆ."

ಆ ಸ್ಪರ್ಧೆಯಲ್ಲಿ ಗೆದ್ದವನು ವರ್ಷವಿಡೀ ಊರಿನ ರಾಜ.

"ಈ ಸಲ ರಾಜ ನಾನೇ ಕಣೇ," ಎಂದ ಹೈನೊ. "ಹಾಕ್ಬಿಡು ಮಾರಾಯ್ತಿ."

"ಸುಳ್ಳು ಅಂತ ಗೊತ್ತಾದ್ರೆ ಸಿಕ್ಕಿಬೀಳೋದು ಯಾರು?"

"ಗೊತ್ತಾಗೋದು ಹೇಗೆ?"

"ಸೂಪು ನೋಡಿದ್ರೆ ಸಾಕು. ಕೈ ಬಿಡದೆ ತಿರುವಿದ್ದಕ್ಕೆ ತಳ ಹಿಡಿದಿಲ್ಲ. ಅವರೇನು ಬಟಾಣಿ ಸೂಪು ಕಂಡಿಲ್ವಾ?"

ಅವಳು ಏಪ್ರನ್‌ನಲ್ಲೇ ಹೊರಗೆ ಬಂದಳು. "ಬೆಳಿಗ್ಗೆ ಎಂಟರಿಂದ ಅಡುಗೆಮನೇಲಿದ್ದೀನಿ, ತೀಡೆಮನ್ ಅವರೇ. ಆರು ವರ್ಷದಿಂದ ಎಲ್ಲಾ ಭಾನುವಾರಾನೂ ಅಲ್ಲೇ."

"ತಪ್ಪು ನಿಮ್ಮದೂ ಇದೆ," ಎಂದ ಅವನು. "ನಿಮ್ಮ ಪ್ರಮಾಣಪತ್ರಾನೂ ಹೋಗಬಹುದು."

"ಗೊತ್ತು. ಬರ್ಕೊಳ್ಳಿ."

ಅವತ್ತೇ ಅಂಗಣಕ್ಕೆ ಬೀಗ ಬಿತ್ತು. ಮೂರು ವಾರ ಊರಿನಲ್ಲಿ ಯಾರೂ ಅವಳೊಂದಿಗೆ ಮಾತಾಡಲಿಲ್ಲ. ಹೈನೊ ಮಾತ್ರ ಊಟದ ಹೊತ್ತಿಗೆ ಬಾಯಿ ಬಿಡುತ್ತಿದ್ದ, ತಿನ್ನುವುದಕ್ಕೆ. ಆಮೇಲೆ ಜಿಲ್ಲಾ ಕಚೇರಿಯ ಕಾಗದ ಬಂತು. ಅವಳಿಗೆ ಎಚ್ಚರಿಕೆ ಕೊಟ್ಟು ಪ್ರಮಾಣಪತ್ರ ಉಳಿಸಿದ್ದರು. ಅಂಗಣ ತೆರೆಯಬಹುದು, ಆದರೆ ಮೇಲ್ವಿಚಾರಕಿ ಗುಂಡು ಹಾರಿಸುವವರ ಹಿಂದೆಯೇ ಇರಬೇಕು, ಬೇರೆ ಯಾವ ಕೆಲಸವನ್ನೂ ಮಾಡಬಾರದು. ಮುಂದಿನ ತರಬೇತಿ ಶರತ್ಕಾಲಕ್ಕೆ. ಅಲ್ಲಿಯವರೆಗೆ ಅವಳನ್ನು ಬಿಟ್ಟರೆ ಗತಿಯಿರಲಿಲ್ಲ.

ಸ್ಪರ್ಧೆಯ ದಿನ ಗೆರ್ಲಿಂಡೆ ಕೈಕಟ್ಟಿ ನಿಂತಳು. ಅವಳು ಹೂಂ ಎನ್ನದೆ ಒಂದು ಬಂದೂಕೂ ಮೇಲೇಳಲಿಲ್ಲ. ಅಡುಗೆಮನೆಗೆ ಯಾರೆಂದು ಚೀಟಿ ಎತ್ತಿದಾಗ ಹೈನೊನ ಹೆಸರು ಬಂದಿತ್ತು. ಹನ್ನೊಂದಕ್ಕೆ ಅವನು ಒದ್ದೆ ಕೈಯಲ್ಲಿ ಬಂದು ನಿಂತ.

"ಕಾಫಿ ಯಂತ್ರ ಶುರುವಾಗ್ತಾ ಇಲ್ಲ. ಒಂದ್ನಿಮಿಷ ಬಂದು ಹೋಗು."

"ನಾನು ಕದಲಿದ್ರೆ ಇವರೆಲ್ಲ ಬಂದೂಕು ಕೆಳಗಿಡ್ಬೇಕು. ನಿಲ್ಲಿಸ್ಲಾ?"

ಗುಂಡು ಹಾರಿಸಲು ಸಾಲಾಗಿ ನಿಂತಿದ್ದ ಐವರೂ ಒಟ್ಟಿಗೆ ತಿರುಗಿ ನೋಡಿದರು. "ಹೈನೊ, ಒಳಗೆ ಹೋಗೋ," ಎಂದ ವೆಸ್ಸೆಲ್.

ಹೈನೊ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೆ ಗೆರ್ಲಿಂಡೆ ಕಾದಳು. ಆಮೇಲೆ ಹೂಂ ಎಂದಳು.