ಬಸ್ಸು ನಿಲ್ಲಿಸುವ ದಸ್ತಗೀರಸಾಬರು

ವಿದ್ಯಾಗಿರಿಯ ದೊಡ್ಡ ಮನುಷ್ಯರೆಲ್ಲ ಸೇರಿ ಹೋದ ವರ್ಷ ಒಂದು ಸಭೆ ಮಾಡಿದ್ದರು. ಬೆಳಿಗ್ಗೆ ಕಾಲೇಜುಗಳ ಮುಂದೆ ಕಾರುಗಳು ಸಾಲುಗಟ್ಟಿ ರಸ್ತೆ ದಾಟುವುದೇ ಕಷ್ಟವಾಗಿದೆ, ಕಾರು ಮನೆಯಲ್ಲಿ ಬಿಡಿ, ಬಸ್ಸು ಹತ್ತಿ ಎಂದು ಒಬ್ಬರಾದ ಮೇಲೊಬ್ಬರು ಮೈಕು ಹಿಡಿದರು. ಅಷ್ಟೂ ಜನ ಬಂದದ್ದು ಕಾರಿನಲ್ಲಿ. ಅವನ್ನು ನಿಲ್ಲಿಸಲು ಜಾಗ ಸಾಲದೆ ಹೊರಗೆ ಡ್ರೈವರುಗಳು ಜಗಳಾಡುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು, ಅವರು ಕೊಟ್ಟ ಚಹಾ ಕುಡಿದು, ಎದ್ದು ಬಂದೆ. ಭಾಷಣ ಮಾಡಿದವರಲ್ಲಿ ಒಬ್ಬರಾದರೂ ಒಂದು ದಿನ ನಮ್ಮ ಸ್ಟಾಪಿನಲ್ಲಿ ನಿಂತು ನೋಡಬೇಕಿತ್ತು.

ನಾನು ನವನಗರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹಳೇ ಬಾಗಲಕೋಟೆಯಿಂದ ಬರುವ ಬೆಳಗಿನ ಬಸ್ಸು ವಿದ್ಯಾಗಿರಿ ದಾಟಿ ನವನಗರಕ್ಕೆ ಹೋಗುತ್ತದೆ. ವಿದ್ಯಾಗಿರಿಯ ನಮ್ಮ ಸ್ಟಾಪಿನಲ್ಲಿ ಅದಕ್ಕೆ ಕಾಯುವವರೆಲ್ಲ ಹೆಂಗಸರು. ಗಂಡಸರಿಗೆ ಬೈಕು ಇದೆ, ಕಾರು ಇದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ. ನವನಗರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ ಸುನಂದಾ ಮನೆಯ ಸಣ್ಣ ಕಾರನ್ನೇ ಮಾರಿಬಿಟ್ಟರು. ಗಂಡ ಬೇರೆ ದಿಕ್ಕಿನ ಬಸ್ಸಿಗೆ ಪಾಸು ಮಾಡಿಸಿಕೊಂಡ, ಇವರಿಗೆ ಆಧಾರ್ ಕಾರ್ಡು ಸಾಕು, ಪೆಟ್ರೋಲು ಕುಡಿಯುವ ಆ ಭೂತವನ್ನು ಯಾಕೆ ಸಾಕಬೇಕು ಎಂದು ಲೆಕ್ಕ ಹಾಕಿದರು. ಲೆಕ್ಕ ಸರಿಯಾಗಿಯೇ ಇತ್ತು. ಬಸ್ಸು ನಿಲ್ಲುತ್ತದೆ ಎಂದುಕೊಂಡದ್ದೊಂದೇ ತಪ್ಪು.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಸ್ಟಾಪಿನಲ್ಲಿ ಬರೀ ಹೆಂಗಸರು ಕಂಡರೆ ಬೆಳಗಿನ ಬಸ್ಸಿನ ಡ್ರೈವರ್ ಮುಖ ಆ ಕಡೆ ಮಾಡಿ ಗಾಡಿ ಓಡಿಸುತ್ತಿದ್ದ. ಎಲ್ಲ ಡ್ರೈವರುಗಳೂ ಹಾಗಲ್ಲ, ಸಂಜೆಯವನು ದೇವರಂಥವನು. ಇವನನ್ನು ಕೇಳಿದರೆ, ಬಸ್ಸು ಮೊದಲೇ ತುಂಬಿರುತ್ತದೆ, ಇರುವುದೊಂದು ಬಸ್ಸಿನಲ್ಲಿ ಊರನ್ನೆಲ್ಲ ಹೊರಲಿ ಹ್ಯಾಂಗೆ ಎನ್ನುತ್ತಿದ್ದ. ಅದೂ ಸುಳ್ಳಲ್ಲ. ಆದರೆ ಒಬ್ಬ ಗಂಡಸು ಕೈ ಮಾಡಿದರೆ ಅದೇ ತುಂಬಿದ ಬಸ್ಸು ಕಿರ್ರೆಂದು ನಿಲ್ಲುತ್ತಿತ್ತಲ್ಲ!

ಇದು ನಮಗೆ ತಿಳಿದದ್ದು ದಸ್ತಗೀರಸಾಬರಿಂದ. ಹುನಗುಂದದವರು. ಚಿಕ್ಕ ವಯಸ್ಸಿನಲ್ಲೇ ಇಲ್ಲಿಗೆ ಬಂದು ಒಬ್ಬ ಡಾಕ್ಟರರ ಕಾರಿಗೆ ಡ್ರೈವರಾದರು. ಡಾಕ್ಟರರ ಮೂರು ಕಾರುಗಳು ಅವರ ಕೈಯಲ್ಲೇ ಮುದಿಯಾದವು, ಒಂದರಲ್ಲೂ ಹಿಂದಿನ ಸೀಟಿನಲ್ಲಿ ಕೂತವರಲ್ಲ. ಕಣ್ಣಿಗೆ ಪೊರೆ ಬಂದಾಗ ಡಾಕ್ಟರರೇ ಆಪರೇಷನ್ ಮಾಡಿಸಿದರು, ಅದೇ ವಾರ ಕೆಲಸದಿಂದಲೂ ಬಿಡಿಸಿದರು. ಹೆಂಡತಿ ತೀರಿಕೊಂಡಿದ್ದಾಳೆ. ಮಗಳು ಗೌಸಿಯಾ ಗಂಡ ಬಿಟ್ಟು ಹೋದ ಮೇಲೆ ತನ್ನ ಹುಡುಗಿ ಆಫ್ರೀನಳನ್ನು ಕಟ್ಟಿಕೊಂಡು ಅಪ್ಪನ ಮನೆಗೆ ಬಂದಳು. ನವನಗರದ ಒಂದು ದವಾಖಾನೆಯಲ್ಲಿ ಆಯಾ ಕೆಲಸ ಮಾಡುತ್ತಾಳೆ. ಆ ಮನೆಯ ಒಲೆ ಉರಿಯುವುದು ಅವಳೊಬ್ಬಳ ದುಡಿಮೆಯಿಂದ.

ಒಂದು ಬೆಳಿಗ್ಗೆ ಗೌಸಿಯಾ ಊಟದ ಡಬ್ಬಿ ಮರೆತು ಬಂದಿದ್ದಳು. ಸಾಬರು ಅದನ್ನು ಹಿಡಿದು ಸ್ಟಾಪಿಗೆ ಓಡಿ ಬಂದರು, ಮಗಳಿಗೆ ಕಾಣಲೆಂದು ಕೈ ಎತ್ತಿದರು. ನಮ್ಮನ್ನು ನೋಡಿ ಜೋರು ಮಾಡಿದ್ದ ಬಸ್ಸು ಅವರ ಕಾಲ ಬಳಿ ಬಂದು ನಿಂತಿತು. ನಾವೆಲ್ಲ ನುಗ್ಗಿದೆವು. ಹತ್ತಿ ಅಜ್ಜಾ ಎಂದು ಕಂಡಕ್ಟರ್ ಕರೆದರೆ, ನಾನು ಬರುವವನಲ್ಲ ಎಂದು ಸಾಬರು ಡಬ್ಬಿ ಒಳಗೆ ಕೊಟ್ಟರು. ಸುನಂದಾರ ಕಚೇರಿಯಲ್ಲೇ ಕಸ ಹೊಡೆಯುವ ಸಕ್ರವ್ವ ಕಿಟಕಿಯಿಂದ ತಲೆ ಹಾಕಿ, "ಸಾಬ್ರ, ನಾಳಿನೂ ಒಂದ್ಹೆಜ್ಜಿ ಬರ್ರಿ, ನಿಮ್ಮ ಪುಣ್ಯಾ ಬರ್ತೈತಿ," ಎಂದಳು.

ಅಂದಿನಿಂದ ಅದು ಅವರ ಕೆಲಸವಾಯಿತು. ಪ್ರಯಾಣಿಕನಂತೆ ಕಾಣಬೇಕೆಂದು ಇಸ್ತ್ರಿ ಮಾಡಿದ ಜುಬ್ಬಾ ಹಾಕುತ್ತಿದ್ದರು, ಕೈಯಲ್ಲಿ ಖಾಲಿ ಚೀಲವೊಂದನ್ನು ಹಿಡಿಯುತ್ತಿದ್ದರು. ಬಸ್ಸು ಕಂಡೊಡನೆ ಕೈ ಎತ್ತುವುದು, ನಾವು ಹತ್ತುವುದು, ಅವರು ಹಿಂದೆ ಸರಿಯುವುದು. ಸಕ್ರವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಕೊಡುತ್ತಿದ್ದಳು. ಒಬ್ಬ ಗಂಡಸಿನ ಕೈಯ ಬೆಲೆ ನಮ್ಮ ಹತ್ತು ಹೆಂಗಸರಿಗಿಲ್ಲವಲ್ಲ ಎಂದು ನನ್ನ ಮೈ ಉರಿಯುತ್ತಿತ್ತು. ಆದರೆ ಶಾಲೆಯ ಗಂಟೆ ನನ್ನ ಸಿಟ್ಟಿಗೆ ಕಾಯುವುದಿಲ್ಲ, ನಾನೂ ಹತ್ತುತ್ತಿದ್ದೆ.

ಡ್ರೈವರ್ ಮೂರ್ಖನೇ? ಕೆಲವು ದಿನಗಳಲ್ಲೇ ಆಟ ತಿಳಿದುಕೊಂಡ. ಸಾಬರು ಕೈ ಎತ್ತಿದರೂ ಬಸ್ಸು ನಿಲ್ಲದಾಯಿತು. ಗೌಸಿಯಾ ಎರಡು ಸಲ ತಡವಾಗಿ ಹೋದಳು. ಇನ್ನೊಮ್ಮೆ ಹೀಗಾದರೆ ಬರುವುದೇ ಬೇಡ, ಬೇರೆಯವಳು ಕಾಯುತ್ತಿದ್ದಾಳೆ ಎಂದು ದವಾಖಾನೆಯ ಮ್ಯಾನೇಜರ್ ಹೇಳಿದ. ಟಂಟಂ ಆಟೋ ಹತ್ತಲು ಅವಳ ಬಳಿ ದಿನಾ ದುಡ್ಡೆಲ್ಲಿದೆ? ಆಗ ಸಾಬರು ಹೊಸ ಉಪಾಯ ಹೂಡಿದರು. ಬಸ್ಸು ಬರುವಾಗ ರಸ್ತೆಗೇ ಇಳಿದು ಅಡ್ಡ ನಿಲ್ಲುವುದು, ನಿಂತ ಮೇಲೆ ತಾವೇ ಮೊದಲು ಮೆಟ್ಟಿಲ ಮೇಲೆ ಕಾಲಿಡುವುದು, ನಾವೆಲ್ಲ ಹತ್ತುವ ತನಕ ಕಂಬಿ ಹಿಡಿದು ನಿಂತು ಆಮೇಲೆ ಇಳಿಯುವುದು.

ಅದೊಂದು ಸೋಮವಾರ. ನಾವು ಹತ್ತಿದೆವು, ಸಾಬರು ಇಳಿಯಬೇಕು, ಅಷ್ಟರಲ್ಲಿ ಬಾಗಿಲು ಮುಚ್ಚಿತು. ಡ್ರೈವರ್ ಬೇಕೆಂದೇ ಗಾಡಿ ಬಿಟ್ಟ. ದಿನಾ ನಿಲ್ಲಿಸುತ್ತಾನಲ್ಲ, ಇವತ್ತು ಬರಲಿ ಎಂದು ನಕ್ಕದ್ದು ನನಗೆ ಕೇಳಿಸಿತು. ಕಂಡಕ್ಟರ್ ಟಿಕೆಟು ಕೇಳಿದ. ಸಾಬರ ಜೇಬಿನಲ್ಲಿ ಒಂದು ಪೈಸೆ ಇಲ್ಲ. ನಾನು ಪರ್ಸು ತೆಗೆದು ಅವರ ಟಿಕೆಟಿನ ದುಡ್ಡು ಚಾಚಿದೆ. ಅಷ್ಟರಲ್ಲಿ ಬಸ್ಸು ನಿಂತಿತು. ರಸ್ತೆ ಬದಿಗೆ ಜೀಪು, ಟಿಕೆಟು ತಪಾಸಣೆಯವರು.

ನಮ್ಮೆಲ್ಲರ ಕೈಯಲ್ಲಿ ಪುಕ್ಕಟೆ ಟಿಕೆಟು ಇತ್ತು. ಟಿಕೆಟಿಲ್ಲದವರು ಇಡೀ ಬಸ್ಸಿನಲ್ಲಿ ಒಬ್ಬರೇ, ಆ ಬಸ್ಸನ್ನು ನಮಗಾಗಿ ನಿಲ್ಲಿಸಿದವರು. ನಾನು ದುಡ್ಡು ಮುಂದೆ ಮಾಡಿದರೆ, ಈಗ ಟಿಕೆಟಿಲ್ಲ, ದಂಡ ಎಂದ ತಪಾಸಣೆಯ ಸಾಹೇಬ. ದಂಡಕ್ಕೆ ಸಾಲುವಷ್ಟು ನನ್ನ ಬಳಿ ಇರಲಿಲ್ಲ. ಬೇರೆಯವರ ಪರ್ಸುಗಳಲ್ಲಿ ಆಧಾರ್ ಕಾರ್ಡು ಬಿಟ್ಟರೆ ಚಿಲ್ಲರೆ. ನಾನು ಸುಮ್ಮನಿರುವ ಪೈಕಿಯಲ್ಲ. ಡ್ರೈವರ್ ಮಾಡಿದ್ದನ್ನು ಹೇಳಿದೆ, ಹೆಂಗಸರಿದ್ದರೆ ಬಸ್ಸು ನಿಲ್ಲಿಸದಿದ್ದುದನ್ನು ಹೇಳಿದೆ, ದನಿ ಏರಿಸಿಯೇ ಹೇಳಿದೆ. ಅದೆಲ್ಲ ಬರೆದು ಕೊಡಿ ಎಂದು ಸಾಹೇಬ ಗಡಿಯಾರ ನೋಡಿಕೊಂಡ. ಹಿಂದಿನಿಂದ ಸುನಂದಾ ನನ್ನ ಸೆರಗು ಜಗ್ಗಿದರು.

"ಟೀಚರ್, ಸಾಕ್ ಬಿಡ್ರಿ. ನಿಮ್ಮ ವಾದದಾಗ ಎಲ್ಲಾರ ಹಾಜರಿ ಹೋಗ್ತೈತಿ."

ಸಾಹೇಬ ಬಸ್ಸಿನೊಳಗೆ ಒಂದು ಸಲ ಕಣ್ಣಾಡಿಸಿದ. ಇವರ ಮನೆಯವರು ಯಾರಾದರೂ ಇದ್ದರೆ ದಂಡ ಕಟ್ಟಿ, ಕಟ್ಟಲಾಗದಿದ್ದರೆ ನೀವೂ ಇಳಿದು ಜೀಪಿಗೆ ಬನ್ನಿ, ಅಲ್ಲಿಯವರೆಗೆ ಬಸ್ಸು ಕದಲುವುದಿಲ್ಲ ಎಂದ. ಬುರ್ಖಾ ಹಾಕಿದವಳು ಬಸ್ಸಿನಲ್ಲಿ ಗೌಸಿಯಾ ಒಬ್ಬಳೇ. ಅವನು ನೆಟ್ಟಗೆ ಅವಳ ಕಡೆಗೇ ತಿರುಗಿದ.

"ನಿಮ್ಮವ್ರೇನ್ರಿ ಇವ್ರು?"

ಗೌಸಿಯಾ ಅಪ್ಪನನ್ನು ನೋಡಲಿಲ್ಲ. ಕಿಟಕಿಯ ಸರಳು ಹಿಡಿದು ಹೊರಗೆ ನೋಡಿದಳು.

"ಅಲ್ರಿ. ನನಗ ಗುರ್ತಿಲ್ಲ," ಎಂದಳು.

ಬಸ್ಸಿನಲ್ಲಿದ್ದ ನಮಗೆಲ್ಲ ಗೊತ್ತು. ಇಷ್ಟು ಹೊತ್ತು ಒದರಿದ್ದ ನಾನು ಆಗ ಬಾಯಿ ಬಿಟ್ಟಿದ್ದರೆ ಅವಳ ಕೆಲಸ ಅಲ್ಲೇ ಮುಗಿಯುತ್ತಿತ್ತು. ಸಾಬರು ಕಂಬಿ ಬಿಟ್ಟು ಕೆಳಗಿಳಿದರು.

"ಖರೆ ಐತ್ರಿ ಸಾಹೇಬ್ರ. ಇದ್ರಾಗ ನಮ್ಮವ್ರು ಯಾರೂ ಇಲ್ಲ. ಬಸ್ ಬಿಡ್ರಿ, ಹೆಣ್ಮಕ್ಕಳಿಗೆ ಹೊತ್ತಾಗ್ತೈತಿ."

ಬಸ್ಸು ಹೊರಟಿತು. ಸಕ್ರವ್ವ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಗೌಸಿಯಾ ಅಳಲಿಲ್ಲ. ನವನಗರದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ದವಾಖಾನೆಯ ಕಡೆ ಓಡಿದಳು. ಸಮಯಕ್ಕೆ ಸರಿಯಾಗಿ ಮುಟ್ಟಿದಳಂತೆ. ಸಾಬರನ್ನು ಮಧ್ಯಾಹ್ನದವರೆಗೆ ಜೀಪಿನಲ್ಲಿ ಕೂರಿಸಿಕೊಂಡು, ಬಾಯಿಗೆ ಬಂದಂತೆ ಬೈದು, ಮುದುಕನ ಹತ್ತಿರ ಗಿಟ್ಟುವುದೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟರು. ಉರಿಬಿಸಿಲಲ್ಲಿ ನಡೆದೇ ಮನೆ ಸೇರಿದರು. ರಾತ್ರಿ ಮಗಳ ಮುಂದೆ ಆ ಮಾತು ಎತ್ತಲಿಲ್ಲವೆಂದು ಮೊಮ್ಮಗಳು ಆಫ್ರೀನ ನನಗೆ ಹೇಳಿದಳು.

ಸುನಂದಾ ಆ ದಸರೆಗೆ ಮತ್ತೆ ಕಾರು ತೆಗೆದುಕೊಂಡರು, ಮೊದಲಿನದಕ್ಕಿಂತ ದೊಡ್ಡದು. ಕಂತಿನ ಮೇಲೆ. ಅವರನ್ನು ಬೈಯಲು ನನಗೆ ಬಾಯಿಲ್ಲ. ಪುಕ್ಕಟೆ ಕೊಟ್ಟರೂ ನಿಲ್ಲದ ಬಸ್ಸನ್ನು ನಂಬಿ ಯಾರು ಕಾರು ಬಿಡುತ್ತಾರೆ? ದಿನಾ ನಮ್ಮ ಸ್ಟಾಪಿನ ಮುಂದೆಯೇ ಹೋಗುತ್ತಾರೆ, ಹಿಂದಿನ ಸೀಟು ಖಾಲಿ ಇರುತ್ತದೆ.

ದಸ್ತಗೀರಸಾಬರು ಈಗಲೂ ಬರುತ್ತಾರೆ. ಈಗ ಟಿಕೆಟು ತೆಗೆಸುತ್ತಾರೆ, ಒಂದೇ ಸ್ಟಾಪಿನದು, ಟಂಟಂಗಿಂತ ಅಗ್ಗ. ಎಲ್ಲರಂತೆ ಹತ್ತಿ, ಮುಂದಿನ ಸ್ಟಾಪಿನಲ್ಲಿ ಇಳಿದು, ನಡೆದು ವಾಪಸು ಬರುತ್ತಾರೆ. ಮಗಳ ಪುಕ್ಕಟೆ ಪ್ರಯಾಣಕ್ಕೆ ದಿನಾ ಅಪ್ಪ ದುಡ್ಡು ಕೊಡುತ್ತಾರೆ. ಟಿಕೆಟಿನ ಗಿರಾಕಿ ಇದ್ದಾನೆಂದು ಬಸ್ಸು ಈಗ ತಪ್ಪದೆ ನಿಲ್ಲುತ್ತದೆ. ಸ್ಟಾಪಿನಲ್ಲಿ ಅಪ್ಪ ಒಂದು ಕಡೆ, ಮಗಳು ನಮ್ಮಾಚೆ ಇನ್ನೊಂದು ಕಡೆ ನಿಲ್ಲುತ್ತಾರೆ.

ಮೊನ್ನೆ ಹೊಸ ಕಂಡಕ್ಟರ್ ಬಂದಿದ್ದ. ಪಾಪದ ಹುಡುಗ, ಏನೂ ತಿಳಿಯದವನು. ಸಾಬರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಮುಂದೆ ತಡವರಿಸುತ್ತಿದ್ದರು. ಮೊದಲೇ ಹತ್ತಿ ಬಾಗಿಲಲ್ಲಿ ನಿಂತಿದ್ದ ಗೌಸಿಯಾಳಿಗೆ, ಅಕ್ಕಾ, ಅಜ್ಜನಿಗೊಂದು ಕೈ ಕೊಡಿ ಎಂದ. ಗೌಸಿಯಾ ಕೈ ಚಾಚಿದಳು. ಸಾಬರು ಆ ಕೈ ಮುಟ್ಟದೆ ಕಂಬಿ ಹಿಡಿದು, ಅವಳಿಗೆ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸುವ ಹಾಗೆ ಹೇಳಿದರು:

"ಬ್ಯಾಡ ಬೇಟಿ. ಗುರ್ತ ಹಿಡಿದಾರು."