ಎಡಗೈಯ ಝೇಂಕಾರ

ಮಗಳ ಎಡಗೈ ಅಂದು ಬೆಳಿಗ್ಗೆ ಝೇಂಕರಿಸುತ್ತಿತ್ತೇ? ಇವತ್ತಿಗೂ ನನಗೆ ಖಾತ್ರಿಯಿಲ್ಲ.

ಆರನೆಯ ತರಗತಿಯ ಹುಡುಗಿ. ಎರಡೂ ಮೂತ್ರಪಿಂಡಗಳು ನಿಂತುಹೋಗಿವೆ. ಡಯಾಲಿಸಿಸ್‌ಗೆಂದು ಬಸವಕಲ್ಯಾಣದಿಂದ ಹುಮನಾಬಾದಿಗೆ ವಾರಕ್ಕೆ ಮೂರು ಸಲ ಬಸ್ಸು ಹತ್ತುತ್ತೇವೆ. ಮೊದಲು ಕುತ್ತಿಗೆಗೆ ನಳಿಕೆ ಹಾಕಿದ್ದರು. ಅದಕ್ಕೆ ಸೋಂಕು ತಗುಲಿ, ಚಳಿಜ್ವರದಲ್ಲಿ ಅವಳು ಕೈತಪ್ಪುವುದರಲ್ಲಿದ್ದಳು. ಆಮೇಲೆ ಹೈದರಾಬಾದಿನ ಸರ್ಜನ್ ಎಡಗೈಯಲ್ಲಿ ಎರಡು ರಕ್ತನಾಳ ಜೋಡಿಸಿ, ಡಯಾಲಿಸಿಸ್ ಸೂಜಿ ಚುಚ್ಚಲು ಫಿಸ್ಟುಲಾ ಮಾಡಿದರು. ಮಕ್ಕಳ ನಾಳ ಸಣ್ಣವು, ಬಲಗೈಯವು ಸೂಜಿಗಳಿಂದ ಆಗಲೇ ಹಾಳಾಗಿವೆ, ಇದನ್ನು ಕಾಪಾಡಿಕೊಳ್ಳಿ ಅಂದರು. ಜೋಡಿಸಿದಲ್ಲಿ ರಕ್ತ ರಭಸದಿಂದ ಹರಿದು, ಚರ್ಮದಡಿ ಜೇನುಹುಳು ಕೂತ ಹಾಗೆ ಗುಂಯ್ ಎನ್ನುತ್ತದೆ. ಅದು ನಿಂತರೆ ದಾರಿ ಮುಚ್ಚಿತು. ದಿನಾ ಬೆಳಿಗ್ಗೆ ಬೆರಳಿಟ್ಟು ನೋಡುವುದು ನನ್ನ ಕೆಲಸ.

"ಅಪ್ಪಾ, ನನ್ನ ಮೊಬೈಲ್ ವೈಬ್ರೇಷನ್‌ದಾಗ ಅದ, ತಗಿ," ಎಂದು ಅವಳು ಕೈ ಚಾಚುತ್ತಿದ್ದಳು.

ಪಂಚಮಿಗೆ ಬಳೆ ತೊಡಿಸುವವಳು ಮನೆಗೆ ಬಂದಳು. ಒತ್ತು ಬಿದ್ದರೆ ನಾಳ ಮುಚ್ಚುತ್ತದೆ, ಎಡಗೈಗೆ ಬೇಡ ಅಂದೆ.

"ಹಬ್ಬದಾಗ ಹೆಣ್ಣಕೂಸಿನ ಒಂದು ಕೈ ಬರಿಗೈ ಬಿಡ್ತಾರೇನು?" ಅಂದಳು ನನ್ನವ್ವ. "ಸಡ್ಲ ಇಡಸ್ತೀನಿ. ನಿನ್ನ ಯುನಿವರ್ಸಿಟಿ ಕಾನೂನು ಈಗ ಬಳಿಗೂ ಬಂತೇನು?"

ಬಳೆಗಳು ನಿಜಕ್ಕೂ ಸಡಿಲವಿದ್ದವು, ಬೆರಳು ತೂರುತ್ತಿತ್ತು. ಆದರೆ ಸಂಜೆ ಗೆಳತಿಯರು ಬಂದಾಗ, ಸೂಜಿಯ ಗಾಯದ ಕಲೆ ಕಾಣದಿರಲೆಂದು ಮಗಳು ಅವನ್ನು ಮೊಣಕೈಯತ್ತ ಸರಿಸಿದಳು. ಅಲ್ಲೇ ಬಿಗಿಯಾಗಿ ಕೂತವು. ಹಾಗೆಯೇ ಮಲಗಿದಳಂತೆ. ಇದು ನಮಗೆ ಗೊತ್ತಾದದ್ದು ಆಮೇಲೆ.

ಮರುದಿನ ಹುಮನಾಬಾದಿನಲ್ಲಿ ಡಯಾಲಿಸಿಸ್ ನರ್ಸ್ ಮಗಳ ಕೈ ಹಿಡಿದವಳು ನಗು ನಿಲ್ಲಿಸಿದಳು. ಸ್ಟೆತಸ್ಕೋಪ್ ಇಟ್ಟಳು, ಜಾಗ ಬದಲಿಸಿ ಮತ್ತೆ ಇಟ್ಟಳು.

"ಸರ್, ಇದು ಗುಂಯ್ ಅನ್ನಾಕತ್ತಿಲ್ರಿ. ಮುಂಜಾನಿ ಇತ್ತೇನ್ರಿ? ಈಗೀಗ ಹೆಪ್ಪುಗಟ್ಟಿದ್ರ ಹೈದರಾಬಾದದಾಗ ತಗಿಬಹುದು. ತಡ ಆಗಿದ್ರ ಕಷ್ಟ ಐತ್ರಿ."

"ಇತ್ತು," ಅಂದೆ. ಬಾಯಿ ಮುಚ್ಚುವ ಮೊದಲೇ ಅನುಮಾನ ಹತ್ತಿತು. ಬೆರಳ ಕೆಳಗಿನ ಬೆಚ್ಚನೆಯ ಚರ್ಮ, ಮೊಬೈಲಿನ ಮಾತು, ಎಲ್ಲ ನೆನಪಿತ್ತು. ಆದರೆ ಅದು ಇವತ್ತಿನ ನೆನಪೋ, ಎಲ್ಲ ಬೆಳಗುಗಳೂ ಸೇರಿ ಆದ ನೆನಪೋ? ಇನ್ನೊಬ್ಬರ ಸಾಕ್ಷ್ಯವನ್ನು ಹೇಗೆ ಅಲುಗಿಸಬೇಕು ಎಂದು ಕಾನೂನು ತರಗತಿಯಲ್ಲಿ ಓದಿದವನು ನಾನು. ನನ್ನದನ್ನು ನಿಲ್ಲಿಸಲು ಏನೂ ಸಿಗಲಿಲ್ಲ.

"ಕೈ ಎಲ್ಲಿ ಹಿಡದ್ರಿ?" ಜೊತೆಗೆ ಬಂದಿದ್ದ ಹೆಂಡತಿ ಅಂದಳು. "ಬಸ್ ಹೋಗ್ತದಂತ ಚಾ ಸುದ್ದಾ ಕುಡಿಲಿಲ್ಲ ನೀವು."

"ಹಿಡದಿದ್ದ, ಅವ್ವಾ," ಅಂದಳು ಮಗಳು.

ಹೈದರಾಬಾದಿಗೆ ಜೀಪಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳ ಕೈ ಹಿಡಿದಿದ್ದೆ. ಜಹೀರಾಬಾದ್ ದಾಟಿದಾಗ ಏನೋ ಮಿಡಿದಂತಾಯಿತು, ಕೂಗಿಯೇಬಿಟ್ಟೆ. ನನ್ನದೇ ಹೆಬ್ಬೆರಳಿನ ನಾಡಿ.

ಸರ್ಜನ್ ಪ್ರಯತ್ನಿಸಿದರು. ತೆರೆಯಲಿಲ್ಲ. ಮತ್ತೆ ಕುತ್ತಿಗೆಗೆ ನಳಿಕೆ. ಅದಕ್ಕೆ ಸೋಂಕಾಗುವ ಮುಂಚೆ ಬಲತೋಳಿನಲ್ಲಿ ಒಂದು ನಾಳ ಸಿಕ್ಕರೆ ನೋಡೋಣ ಎಂದಿದ್ದಾರೆ. ಸಿಗದಿದ್ದರೆ ಎಂದು ನಾನು ಕೇಳಲಿಲ್ಲ.

ಮೊನ್ನೆ ಹುಮನಾಬಾದಿನ ಬಸ್ಸಿನಲ್ಲಿ, ನಳಿಕೆಗೆ ಧೂಳು ತಾಗದಂತೆ ಓಢಣಿ ಸುತ್ತಿಕೊಂಡು ಕೂತವಳನ್ನು ಕೇಳಿದೆ, "ಅವತ್ತ ಮುಂಜಾನಿ ನಾ ಖರೇನ ಕೈ ಹಿಡದಿದ್ನೇನು?"

"ಹಿಡದಿದ್ದಿ."

"ಗುಂಯ್ ಅಂತಿತ್ತಾ?"

ಅವಳು ಕಿಟಕಿಯತ್ತ ತಿರುಗಿದಳು. "ನೀನ ಅವತ್ತ ಇತ್ತು ಅಂದಿಯಲ್ಲಾ, ಅಪ್ಪಾ."