ಸಾಹೇಬರು ನಕ್ಕಾಗ ಸಲ್ಮಾ ಕೇಳಿದ್ದು

ಗೆಳೆಯರೇ, ಇವತ್ತು ತುಮಕೂರಿನಲ್ಲಿ ಒಬ್ಬ ಅಧಿಕಾರಿಯ ಮುಂದೆ ಕೈಮುಗಿದು ಕ್ಷಮೆ ಕೇಳಿದೆ. ಹೌದು, ಹೋರಾಟಗಾರ ಎನಿಸಿಕೊಂಡ ನಾನೇ.

ಆಟಿಸಂ ಇರುವ ಯುವಜನರ ತರಬೇತಿ ಕೇಂದ್ರ ಮುಚ್ಚಬೇಡಿ ಎಂದು ತಾಯಂದಿರ ಜೊತೆ ಮನವಿ ಕೊಡಲು ಹೋಗಿದ್ದೆವು. ಕುಣಿಗಲ್‌ನ ನೂರ್‌ಜಹಾನ್ ಮಾತಾಡುತ್ತಲೇ ಅತ್ತುಬಿಟ್ಟರು. ಸಾಹೇಬರು ನಗುತ್ತಾ, "ನೋಡೋಣಮ್ಮ, ನೋಡೋಣ" ಎಂದರು.

ನೂರ್‌ಜಹಾನರ ಮಗಳು ಸಲ್ಮಾಗೆ ಹತ್ತೊಂಬತ್ತು ವರ್ಷ, ಆಟಿಸಂ ಇದೆ. ಮುಖ ನೋಡಿ ಮನಸ್ಸು ತಿಳಿಯದಿದ್ದರೆ ಬಾಯಿಬಿಟ್ಟು ಕೇಳು ಎಂದು ಅದೇ ಕೇಂದ್ರ ಅವಳಿಗೆ ಕಲಿಸಿದೆ. ಕೇಳಿಯೇಬಿಟ್ಟಳು: "ಸಾರ್, ನಮ್ಮಮ್ಮಿ ಅಳ್ತಾವ್ರೆ. ನೀವ್ಯಾಕೆ ನಗ್ತಿದೀರ?"

ಸಾಹೇಬರ ನಗು ಮಾಯವಾಯಿತು. ನಾನು ಕೈಮುಗಿದು ಮಧ್ಯೆ ನುಗ್ಗಿದೆ. "ಕ್ಷಮಿಸಿ ಸಾರ್, ತಪ್ಪು ತಿಳ್ಕೋಬೇಡಿ, ಈ ಹುಡುಗೀಗೆ ಬೇರೆಯವರ ಭಾವನೆ ಅರ್ಥ ಆಗಲ್ಲ."

"ಅರ್ಥ ಆಗ್ಲಿಲ್ಲ ಅಂತಾನೇ ಕೇಳ್ದೆ ಅಂಕಲ್," ಎಂದಳು ಸಲ್ಮಾ, ಅಮ್ಮಿಯ ಕೈ ಬಿಡದೆ.

ನನ್ನ ಕ್ಷಮೆಯಿಂದಾಗಿ, ಸಲ್ಮಾಳ ಪ್ರಶ್ನೆಗೆ ಉತ್ತರ ಕೊಡುವ ಕಷ್ಟ ಸಾಹೇಬರಿಗೆ ತಪ್ಪಿತು. ಮನವಿಯನ್ನು ಪಕ್ಕಕ್ಕಿಟ್ಟು ನನಗೆ ಕಾಫಿ ತರಿಸಿದರು.

ಗೇಟಿನ ಹೊರಗೆ ಬಂದು ಎಲ್ಲರಿಗಿಂತ ಜೋರಾಗಿ ಧಿಕ್ಕಾರ ಕೂಗಿದೆ. ಸಲ್ಮಾ ಕಿವಿ ಮುಚ್ಚಿಕೊಂಡು ಕೇಳಿದಳು, "ಆ ಸಾರ್ ಒಳಗವ್ರಲ್ಲ ಅಂಕಲ್? ಅಲ್ಲೇ ಹೇಳ್ಬೋದಿತ್ತಲ್ಲ?"

ಹೇಳಬಹುದಿತ್ತು ಕಣಮ್ಮ. ಅಲ್ಲಿ ನಾನು ಕಾಫಿ ಕುಡಿಯುತ್ತಿದ್ದೆ.